ಎತ್ತಿಕೊಡದ ಮಾತು

ಮಾತಿನ ನಾಲ್ಕನೆಯ ಸಾಲಿಗೆ ಬಂದು ಹುಡುಗಿ ಮತ್ತೆ ತಡವರಿಸಿ ನಿಂತಳು. ತಾಲೀಮಿನ ಕೋಣೆಯಲ್ಲಿ ಫ್ಯಾನು ಕರಕರ ಎನ್ನುತ್ತಿತ್ತು. ಮೂಲೆಯ ಸ್ಟೂಲಿನ ಮೇಲೆ ನಾಟಕದ ಪ್ರತಿ ಹಿಡಿದು ಕೂತಿದ್ದ ತಾಯಿ ಮೆಲ್ಲಗೆ ಮುಂದಿನ ಮಾತು ಎತ್ತಿಕೊಟ್ಟಳು. ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸವೇ ಅದು, ರಂಗದ ಪಕ್ಕ ಪರದೆಯ ಮರೆಯಲ್ಲಿ ಕೂತು ಮರೆತವರಿಗೆ ಮಾತು ನೆನಪಿಸುವುದು. ಎಂಥೆಂಥ ನಟರನ್ನೋ ದಡ ಸೇರಿಸಿದವಳ ಮುಖ ಸ್ವಂತ ಮಗಳ ಮುಂದೆ ಸಪ್ಪಗಾಯಿತು.

"ಎರಡು ಪುಟದ ಮಾತಿದು," ಎಂದರು ನಿರ್ದೇಶಕರು. "ಆಗಲ್ಲ ಅಂದ್ರೆ ಕಿವಿಗೊಂದು ಸಣ್ಣ ಇಯರ್‌ಫೋನ್ ಹಾಕ್ಬಿಡೋಣ. ಅಮ್ಮ ಓದ್ತಾರೆ, ನೀನು ಹೇಳ್ತಾ ಹೋಗು. ಈಗಿನ ಮಕ್ಕಳ ತಲೆಲಿ ಏನು ನಿಲ್ಲುತ್ತೆ?"

ಹುಡುಗಿಯ ಕಿವಿ ಕೆಂಪಾಯಿತು. ಹತ್ತೊಂಬತ್ತಾದರೂ ಅವಳಿಗೆ ಅಮ್ಮನ ಫೋನ್ ನಂಬರು ಬಾಯಿಗೆ ಬರುತ್ತಿರಲಿಲ್ಲ. ಉಣ್ಣುವಾಗಲೂ ಹೆಬ್ಬೆರಳು ಫೋನಿನ ಮೇಲೆ ಆಡುತ್ತಲೇ ಇರುತ್ತಿತ್ತು.

ಮನೆಗೆ ಬಂದವಳೇ ಫೋನನ್ನು ತಾಯಿಯ ಕೈಗಿಟ್ಟಳು. "ನಾಟಕ ಮುಗಿಯೋವರೆಗೂ ನಿನ್ ಹತ್ರನೇ ಇರಲಿ. ಕೇಳಿದ್ರೂ ಕೊಡಬೇಡ."

"ನಾನೇನೂ ಹೇಳ್ಲಿಲ್ವಲ್ಲೇ."

"ಹೇಳ್ಲಿಲ್ಲ. ಅದೇ ತಡೆಯೋಕಾಗ್ಲಿಲ್ಲ."

ಮೊದಲ ವಾರದಲ್ಲಿ ಎರಡು ಸಲ ಕೇಳಿದಳು, ಒಂದು ಸಲ ಜಗಳವನ್ನೇ ತೆಗೆದಳು. ತಾಯಿ ಜಗ್ಗಲಿಲ್ಲ. ಪಾತ್ರೆ ತೊಳೆಯುತ್ತ, ಮೆಟ್ಟಿಲು ಹತ್ತುತ್ತ ಹುಡುಗಿ ಸಾಲುಗಳನ್ನು ಗುನುಗತೊಡಗಿದಳು. ಸಂಜೆ ಕಲಿತದ್ದು ಬೆಳಿಗ್ಗೆಗೆ ಹಾರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ಹದಿನೈದನೆಯ ದಿನಕ್ಕೆ ಒಂದೂವರೆ ಪುಟ ನಿಂತಿತು.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಇಯರ್‌ಫೋನ್ ಬೇಡವೆಂದು ಹುಡುಗಿ ಹಾಗೆಯೇ ರಂಗಕ್ಕೆ ಹೋದಳು. ಅಪ್ಪನನ್ನು ಕಳೆದುಕೊಂಡ ಮಗಳ ಪಾತ್ರ. ಮೊದಲ ಪುಟ ನೀರು ಕುಡಿದಷ್ಟು ಸಲೀಸಾಗಿ ಸಾಗಿತು. "ನೀನು ಕೂರ್ತಿದ್ದ ಕುರ್ಚಿ..." ಎಂದವಳು ತಟ್ಟನೆ ನಿಂತಳು.

ಪರದೆಯ ಮರೆಯಲ್ಲಿದ್ದ ತಾಯಿಯ ನಾಲಿಗೆಯ ತುದಿಗೆ ಮುಂದಿನ ಸಾಲು ಬಂತು. "ಕೊಡಿ, ಕೊಡಿ," ಎಂದು ಪಕ್ಕದಲ್ಲಿದ್ದ ನಿರ್ದೇಶಕರು ಪಿಸುಗುಟ್ಟಿದರು. ಮರೆತವರ ಕಣ್ಣು ಪರದೆಯ ಕಡೆ ಹೊರಳುವುದನ್ನು ತಾಯಿ ಬೇಕಾದಷ್ಟು ಕಂಡಿದ್ದಳು. ಮಗಳ ಕಣ್ಣು ಹೊರಳಿರಲಿಲ್ಲ; ರಂಗದ ಮೇಲಿನ ಖಾಲಿ ಕುರ್ಚಿಯ ಮೇಲೇ ನೆಟ್ಟಿತ್ತು.

"ಬೇಡ ಸಾರ್. ಅವಳು ಮರೆತಿಲ್ಲ."

ಜನ ಉಸಿರು ಬಿಗಿಹಿಡಿದಿದ್ದರು. "...ಅದನ್ನ ಯಾರೂ ಸರಿಸಿಲ್ಲ ಅಪ್ಪಾ," ಎಂದಳು ಹುಡುಗಿ, ಮಾತು ಆಗಷ್ಟೇ ಹುಟ್ಟಿದಂತೆ. ಮುಂದಿನ ಸಾಲುಗಳು ಒಂದಕ್ಷರ ಆಚೀಚೆಯಾಗದೆ ಬಂದವು.

ಇಷ್ಟು ವರ್ಷ ತಾಯಿಗೆ ನಾಟಕವೆಂದರೆ ಬೆರಳ ಕೆಳಗಿನ ಅಕ್ಷರಗಳು. ಅಂದು ಬೆನ್ನು ನೆಟ್ಟಗೆ ಮಾಡಿ, ತಲೆಯೆತ್ತಿ ನೋಡುತ್ತ ಕೂತಳು. ಮುಂದಿನ ದೃಶ್ಯದಲ್ಲಿ ನಿರ್ದೇಶಕರು ಬಗ್ಗಿ ನೋಡಿದಾಗ ಅವಳ ತೊಡೆಯ ಮೇಲಿನ ನಾಟಕದ ಪ್ರತಿ ಇನ್ನೂ ಆರು ಪುಟ ಹಿಂದೆ, ಮಗಳ ಮಾತಿನ ಪುಟದಲ್ಲೇ ತೆರೆದುಕೊಂಡಿತ್ತು. ಓದಲೆಂದು ಇಟ್ಟ ಸಣ್ಣ ದೀಪ ಅದರ ಮೇಲೆ ಸುಮ್ಮನೆ ಉರಿಯುತ್ತಿತ್ತು.