ನಾಗಣ್ಣ ಮಾವನಿಗೊಂದು ಪ್ಲಗಿನ್

ಈ ಶ್ರಾವಣದಲ್ಲಿ ತಾನು ಪುರಾಣಕ್ಕೆ ಕೂಡುವುದಿಲ್ಲ ಎಂದು ನಾಗಣ್ಣ ಮಾವ ಕಮಲಾಪುರದ ಮಠಕ್ಕೆ ಹೇಳಿಕಳಿಸಿದ್ದ. ಪುಸ್ತಕ ಮುಟ್ಟದೆ ಇಡೀ ಪುರಾಣ ಹೇಳುತ್ತಿದ್ದವನು. ಅವನು ನನ್ನ ತಾಯಿಯ ತಮ್ಮ. ಆ ದನಿ ಕೇಳುತ್ತಲೇ ನಾನು ಬೆಳೆದೆ. ಬೆಳಗಿನ ಅಭ್ಯಾಸಕ್ಕೆ ದಿನಾ ಎದುರು ಕೂಡುತ್ತಿದ್ದ ಗೆಳೆಯ ಶಿವಲಿಂಗಪ್ಪ ಹೋದ ವರ್ಷ ಲಿಂಗೈಕ್ಯನಾದ. ತಡವರಿಸಿದರೆ ಮುಂದಿನ ಮಾತು ಎತ್ತಿಕೊಡುವವರು ಇಲ್ಲವಾದರು. ಮಾವನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಪುಸ್ತಕ ಹಿಡಿದು ಕೂಡಲು ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ.

ಇದನ್ನು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ನೆರೆಮನೆಯ ಮದಿಹಾಳಿಗೆ ಹೇಳಿಕೊಂಡೆ. ಸೇಡಂ ರಸ್ತೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವಳು.

"ಲ್ಯಾಪ್‌ಟಾಪಿನಾಗ ಎಐ ಆ್ಯಪ್ ಹಾಕ್ಕೋತಾರಲ್ರಿ ಅಕ್ಕಾ, ಅದಕ್ಕೊಂದು ಪ್ಲಗಿನ್ ಮಾಡೋಣು."

"ಅಂದ್ರ?"

"ಆ್ಯಪಿಗೆ ಲೋಕದ್ದೆಲ್ಲಾ ಬರ್ತದ, ನಿಮ್ಮ ಮಾವನ ಪುರಾಣ ಬರಂಗಿಲ್ಲ. ಅದನ್ನ ಕಲಿಸೋದೇ ಪ್ಲಗಿನ್. ಹೊಸದಾಗಿ ಹೊಲೀಬೇಕಂತಿಲ್ಲ, ಮಾದರಿ ಸಿಗ್ತದ. ಅಳತಿ ಬದಲಿ ಮಾಡಿದ್ರ ಆಯ್ತು."

ಮಾದರಿಯೆಂದರೆ ಒಂದು ಫೋಲ್ಡರು. ಒಂದು ಕಡತದಲ್ಲಿ ಪ್ಲಗಿನ್ನಿನ ಹೆಸರು, ಇನ್ನೊಂದರಲ್ಲಿ ಅದು ನಡೆದುಕೊಳ್ಳಬೇಕಾದ ರೀತಿ. ಮದಿಹಾ ಅದನ್ನು ನಕಲು ಮಾಡಿ, ಯಾರದೋ ಹೆಸರಿದ್ದಲ್ಲಿ ಮಾವನ ಹೆಸರು ಬರೆದಳು. ಹಳೆಯ ಪುಸ್ತಕ ನೋಡಿ ನಾನು ಟೈಪ್ ಮಾಡಿಕೊಟ್ಟ ಪದ್ಯಗಳನ್ನು ಅದರೊಳಗಿಟ್ಟಳು. ಆ್ಯಪು ಮೊದಲು ಅದನ್ನು ಒಪ್ಪಲೇ ಇಲ್ಲ. ಎಲ್ಲೋ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಸಾಲು ಸಾಲು ಸೋಸಿ ಹುಡುಕಿದಳು. ಮುಖ ಒಮ್ಮೆಯೂ ಗಂಟಾಗಲಿಲ್ಲ.

ಭಾನುವಾರ ಇಬ್ಬರೂ ಕಮಲಾಪುರಕ್ಕೆ ಹೋದೆವು. ಮಾವನ ಮೊಮ್ಮಗಳು ಸೃಷ್ಟಿಯ ಲ್ಯಾಪ್‌ಟಾಪಿಗೆ ಮದಿಹಾ ಪ್ಲಗಿನ್ ಸೇರಿಸಿ, ದನಿ ಕೇಳಿ ದನಿಯಲ್ಲೇ ಉತ್ತರಿಸುವಂತೆ ಇಟ್ಟಳು. ಮಾವ ವಿಭೂತಿ ಧರಿಸಿ ಶುರು ಮಾಡಿದ. ಏಳನೆಯ ಪದ್ಯದ ನಡುವೆ ಉಸಿರು ನಿಂತಂತೆ ನಿಂತ. ಕೂಡಲೇ ಲ್ಯಾಪ್‌ಟಾಪು ಉಳಿದ ಪದ್ಯವನ್ನೆಲ್ಲ ಗಡಗಡ ಒದರಿ, ಮೇಲೆ ಅರ್ಥವನ್ನೂ ಬಿಡಿಸತೊಡಗಿತು.

ಮಾವ ಶಲ್ಯ ಕೊಡವಿ ಎದ್ದ. "ಎಲ್ಲಾ ಅದಕ್ಕೇ ಬರ್ತದಂದ್ರ ಮಠದಾಗ ಅದನ್ನೇ ಕೂಡಸ್ರಿ. ಹಾರಾನೂ ಅದಕ್ಕೇ ಹಾಕ್ರಿ!"

ನನಗೆ ನೆಲ ನೋಡುವಂತಾಯಿತು. ಮದಿಹಾ ಮಾತ್ರ ಬೇಸರಪಡದೆ ಕೇಳಿದಳು, "ಶಿವಲಿಂಗ ಕಾಕಾ ಹ್ಯಾಂಗ ಹೇಳತಿದ್ರು ಮಾಮಾ?"

"ಅಂವಾ ಎಲ್ಲಿ ಹೇಳ್ತಿದ್ದ ಬೇಟಿ? ನಾ 'ಹಾಂ?' ಅನ್ನೋತನಕ ಬಾಯಿ ಬಿಡ್ತಿದ್ದಿಲ್ಲ. ನಾ ಹಂಗ ಅಂದ ಮ್ಯಾಲ ಮುಂದಿನ ಸಾಲಿಂದು ಒಂದೇ ಮಾತು ಕೊಟ್ಟು ಸುಮ್ನಾಗ್ತಿದ್ದ. ಉಳದದ್ದು ನಂದು."

ಮದಿಹಾ ಹಣೆ ಬಡಿದುಕೊಂಡು ನಕ್ಕಳು. "ಯಾ ಅಲ್ಲಾ! ರಂಜಾನ್‌ದಾಗ ಹಾಫಿಜ್ ಸಾಬರು ನಮಾಜಿನ್ಯಾಗ ಕುರಾನ್ ಬಾಯಿಪಾಠ ಓದೂ ಮುಂದ ತಡದ್ರ, ಹಿಂದಿನಿಂದ ನಮ್ಮ ಅಬ್ಬಾನೇ ಎತ್ತಿಕೊಡ್ತಾರ. ಅದಕ್ಕ ಲುಕ್ಮಾ, ಅಂದ್ರ ತುತ್ತು, ಕೊಡೋದಂತಾರ. ಅಷ್ಟೂ ಓದಿ ತೋರಸಿದ್ರ ಹಾಫಿಜರು ಹೊಡದೇ ಬಿಡ್ತಾರ. ಮನ್ಯಾಗೇ ಇದ್ದದ್ದು ನಂಗ ಹೊಳೀಲಿಲ್ಲ ನೋಡ್ರಿ."

ಮಾವ ನಿಂತೇ ಇದ್ದ, ಆದರೆ ಹೊರಗೆ ಹೋಗಲಿಲ್ಲ. ಮದಿಹಾ ನಡವಳಿಕೆಯ ಕಡತ ತೆರೆದಳು. 'ಪೂರ್ಣ ಉತ್ತರ ಕೊಡು, ವಿವರಿಸು' ಎಂಬ ಮಾದರಿಯ ಸಾಲು ಹಾಗೆಯೇ ಕೂತಿತ್ತು. ಅದನ್ನು ಅಳಿಸಿ ಬರೆದಳು: 'ಹಾಂ ಎನ್ನುವವರೆಗೆ ಸುಮ್ಮನೆ ಕೇಳು. ಅಂದಾಗ ಮುಂದಿನ ಸಾಲಿನ ಮೊದಲ ಪದ ಒಂದನ್ನೇ ಕೊಡು. ಅರ್ಥ ಹೇಳಬೇಡ. ಮತ್ತೆ ಸುಮ್ಮನಿರು.' ಕೇಳುವವರ ಧರ್ಮವನ್ನು ಇಷ್ಟು ಚಿಕ್ಕದಾಗಿ ಯಾರೂ ನನಗೆ ಹೇಳಿರಲಿಲ್ಲ.

"ಒಮ್ಮೆ ಕೂಡ್ರಿ ಮಾಮಾ."

"ಈಗೇನು ಭಾಷಣ ಮಾಡ್ತದೋ," ಎನ್ನುತ್ತಲೇ ಕೂತ.

ಅದೇ ಏಳನೆಯ ಪದ್ಯದಲ್ಲಿ ನಿಂತ. ಲ್ಯಾಪ್‌ಟಾಪು ಸುಮ್ಮನಿತ್ತು. ಮಾವ ಸೋತು, "ಹಾಂ?" ಎಂದ.

"ಕರುಣದಿ," ಎಂದಿತು ಲ್ಯಾಪ್‌ಟಾಪು. ಅಷ್ಟೇ.

ಇನ್ನೂ ಏನಾದರೂ ಬರುತ್ತದೆಂದು ಮಾವ ಕಾದ. ಬರಲಿಲ್ಲ. ಅವನ ಬೆರಳು ಮೊಣಕಾಲ ಮೇಲೆ ತಾಳ ಹಿಡಿಯಿತು, ಸಾಲು ತಾನಾಗಿ ಹೊರಟಿತು, ಅದರ ಬೆನ್ನಿಗೆ ಇನ್ನೊಂದು. ಮುಂದೆ ಮತ್ತೊಂದು ಕಡೆ ತಡೆದಾಗ ಕಣ್ಣು ಮುಚ್ಚಿದ, 'ಹಾಂ' ಎನ್ನಲಿಲ್ಲ. ಆ ಸಾಲನ್ನು ಅವನೇ ಹುಡುಕಿಕೊಂಡ.

ಸಂಧಿ ಮುಗಿಸಿ ನೀರು ಕುಡಿದು ನನಗೆ ಹೇಳಿದ, "ಅಂಬಿಕಾ, ಮಠಕ್ಕ ಫೋನ್ ಹಚ್ಚು. ಪುರಾಣಕ್ಕ ಬ್ಯಾರೆ ಯಾರನ್ನರ ಗೊತ್ತು ಮಾಡ್ಯಾರೇನು ಕೇಳು. ಮಾಡಿದ್ರ, ಬ್ಯಾಡಂತ ಹೇಳು."