ಗುಡ್ಡದ ತೋಳಕ್ಕೆ ಜೋಡಿ ಎಲ್ಲಿಂದ ಬರಬೇಕು?

ಯಲಬುರ್ಗಾದ ಹೊಸ ಲೇಔಟಿನ ಹಿಂದೆ ಒಂದು ಹಳ್ಳ ಇದೆ. ಕೋಳಿ ಅಂಗಡಿಯ ಪುಕ್ಕ, ಕರುಳು, ಮದುವೆ ಊಟದ ಎಂಜಲು, ಸತ್ತ ಕುರಿ ಎಲ್ಲ ಅಲ್ಲಿಗೇ ಬೀಳುತ್ತದೆ. ಅದನ್ನು ತಿಂದು ನಾಯಿಗಳು ಐವತ್ತಾಗಿವೆ. ಸಾಕಿದವರು ಯಾರು? ನಾವೇ.

ಒಂದು ಮಧ್ಯಾಹ್ನ ಕುರಿಗಾರ ಹಂಪಣ್ಣನ ಹಟ್ಟಿಗೆ ಒಂದು ಪ್ರಾಣಿ ಬಂತು. ಮೈ ತೋಳದ್ದು, ಸುರುಳಿ ಬಾಲ ನಾಯಿಯದು. ಮೊಮ್ಮಗಳು ಅನುಸೂಯಾ ಮರಿಗಳ ನಡುವೆ ಕೂತಿದ್ದಳು. ಹಂಪಣ್ಣ ಚೀರಿದ, ಕಲ್ಲು ಬೀಸಿದ. ತೋಳವಾಗಿದ್ದರೆ ಓಡುತ್ತಿತ್ತು. ಇದು ಓಡಲಿಲ್ಲ. ಮಗುವನ್ನೇ ನೋಡುತ್ತ ನಿಂತಿತು. ಹೆಂಡತಿ ಮುದುಕಮ್ಮ ಮಗುವನ್ನು ಬಾಚಿಕೊಂಡು ಒಳಗೆ ಓಡಿದಳು. ಆಗ ಅದು ಒಂದು ಮರಿಯ ಕುತ್ತಿಗೆ ಮುರಿದು, ತಿನ್ನದೆ, ನಿಧಾನಕ್ಕೆ ನಡೆದುಹೋಯಿತು.

ಅದು ತಿರುಗಿ ಬಂದು ತಿಂದು ಸಾಯಲಿ ಎಂದು ಹಂಪಣ್ಣ ಸತ್ತ ಮರಿಗೆ ವಿಷ ತುಂಬಲು ಕೂತ. ಕುರಿಗಳ ಲಸಿಕೆಗೆಂದು ಬಂದ ಪಶುಸಖಿ ಭವಾನಿ ವಿಷದ ಡಬ್ಬಿ ಕಸಿದುಕೊಂಡಳು.

"ಮಾವಾ, ತಲಿ ಕೆಟ್ಟೈತೇನ್ರಿ? ಗುಡ್ಡದಾಗ ಉಳಿದ ನಾಕು ತೋಳಾನೂ ಸಾಯ್ತಾವು."

"ಸಾಯ್ಲಿ! ಅದು ನನ್ನ ಕೂಸಿನ ಮುಂದ ನಿಂತಿತ್ತವ್ವಾ!"

"ಹಿಂಡಿನ್ಯಾಗ ಒಂದ ಟಗರು ಎಷ್ಟ ವರ್ಷ ಇಡ್ತೀರಿ?"

"ಎರಡ. ಆಮ್ಯಾಲ ಹುಲಿಹೈದರ ಊರಿಂದ ಬ್ಯಾರೆ ತರ್ತೀನಿ. ತನ್ನ ಮಗಳನ್ನ ತಾನ ಕೂಡಿದ್ರ ಮರಿ ಸೊರಗತಾವು. ಕುರುಬಗ ಕುರಿ ಕಲಿಸಾಕ ಬಂದಿಯೇನು?"

"ತೋಳಕ್ಕ ಬ್ಯಾರೆ ಗಂಡು ಯಾರ ತರ್ತಾರ್ರಿ?"

ಭವಾನಿ ಗುಡ್ಡದ ಕಡೆ ಕೈ ತೋರಿಸಿದಳು.

"ಮೊದಲ ಆ ಗುಡ್ಡದ ತೋಳ ಈ ಗುಡ್ಡಕ್ಕ ಬರ್ತಿತ್ತು. ಈಗ ನಡುವ ಲೇಔಟು, ರೋಡು, ಕಂಪೌಂಡು. ದಾರಿ ಬಂದ್. ಅಣ್ಣ-ತಂಗಿ ಕೂಡಬೇಕು, ಇಲ್ಲಾ ಹಳ್ಳದ ನಾಯಿನ ಕೂಡಬೇಕು. ಹೆಂಗ ಆದ್ರೂ ತೋಳದ ತಳಿ ಕೆಟ್ಟಂಗ. ನಾಯಿ ಬೆರತ ಮರಿ ಮಂದಿಗೆ ಅಂಜದೇನೂ ಇರಬಹುದು. ಇದು ಬೆರಕಿ ಹೌದೋ ಅಲ್ಲೋ, ಕೂದಲಾ ಪರೀಕ್ಷಿ ಮಾಡಿದ್ರ ತಿಳೀತೈತಿ."

ಬಾಗಿಲಲ್ಲಿ ನಿಂತು ಮುದುಕಮ್ಮ ಕೇಳಿದಳು: "ಹ್ವಾದ ವಾರ ಸತ್ತ ಎರಡ ಕುರಿ ಎಲ್ಲಿ ಒಗದ್ರಿ?"

"ಹಳ್ಳದಾಗ. ನಮ್ಮಪ್ಪನೂ ಅಲ್ಲೇ ಒಗೀತಿದ್ದ."

"ಆವಾಗ ಹದ್ದು ತಿಂತಿದ್ವು. ಈಗ ನಾಯಿ ತಿಂತಾವು. ನೀವ ಉಣಿಸಿ ಬೆಳೆಸಿದ ಬೀಗರು ಇವತ್ತ ಮನಿಗೇ ಬಂದಿದ್ರು!"

ಹಂಪಣ್ಣ ಗುದ್ದಲಿ ತಗೊಂಡು ಸೊಂಟದುದ್ದ ತಗ್ಗು ತೋಡಿ, ಮರಿ ಹೂಳಿ, ಸುಣ್ಣ ಸುರಿದ. ಸಂಜೆ ಕೋಳಿ ಅಂಗಡಿಯ ಮುಂದೆ ಬಡಿಗೆ ಊರಿ ನಿಂತ. "ನಾ ಹಳ್ಳಕ್ಕ ಒಗಿಯೋದು ಬಿಟ್ಟೀನಿ. ನೀನೂ ಬಿಡು," ಅಂದ.

ಆ ಪ್ರಾಣಿ ಇನ್ನೂ ಸಿಕ್ಕಿಲ್ಲ. ಅನುಸೂಯಾ ಅಂಗಳಕ್ಕೆ ಇಳಿಯುವುದಿಲ್ಲ.

ಓದುವವರೇ, ಸತ್ತ ದನ-ಕುರಿ ಆಳವಾಗಿ ಹೂಳಿರಿ. ಮಾಂಸದ ಕಸ ಬಯಲಿಗೆ ಸುರಿಯಬೇಡಿ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ಲಸಿಕೆ ಹಾಕಿಸಿ ಎಂದು ಪಂಚಾಯಿತಿಯನ್ನು ಹಿಡಿದು ಕೇಳಿರಿ. ಇಂಥ ಪ್ರಾಣಿ ಕಂಡರೆ ವಿಷ ಇಡಬೇಡಿ, ಅರಣ್ಯ ಇಲಾಖೆಗೆ ತಿಳಿಸಿರಿ. ಸೈಟು ಕೊಳ್ಳುವ ಮುನ್ನ ಲೇಔಟಿನವರನ್ನು ಬಾಯಿ ಬಿಟ್ಟು ಕೇಳಿರಿ: ಗುಡ್ಡದಿಂದ ಗುಡ್ಡಕ್ಕೆ ಪ್ರಾಣಿ ಹೋಗುವ ದಾರಿ ಬಿಟ್ಟಿದ್ದೀರಾ? ಬಿಡದಿದ್ದರೆ ಆ ಸೈಟು ಕೊಳ್ಳಬೇಡಿ.