ಮೂವತ್ತೊಂದನೆಯ ಅಧ್ಯಾಯದ ತಾರಾ

ನರೇಗಲ್ಲಿನಿಂದ ಗಜೇಂದ್ರಗಡದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಇಷ್ರತ ಮತ್ತು ಉಮಾಶ್ರೀಗೆ ಯಾವಾಗಲೂ ಒಂದೇ ಸೀಟು. ಉಮಾಶ್ರೀ ಜವಳಿ ಅಂಗಡಿಯವರ ಮಗಳು, ಮಾತಿನಲ್ಲಿ ಜೋರು. ಇಷ್ರತಳ ತಾಯಿ ರಾಜಮಾ ಬಟ್ಟೆ ಹೊಲಿಯುತ್ತಿದ್ದಳು. ಇಷ್ರತಳ ಮಾತು ತೊದಲುತ್ತಿತ್ತು, ಕೈಗೆ ಮಾತ್ರ ಚಿತ್ರ ಒಲಿದಿತ್ತು. ಇಬ್ಬರಿಗೂ ಜಪಾನಿ ಮಾಂಗಾ ಚಿತ್ರಕಥೆಗಳ ಹುಚ್ಚು. ಕೊನೆಗೆ ತಾವೇ ಒಂದನ್ನು ಮಾಡಿ ಆನ್‌ಲೈನಿನಲ್ಲಿ ಹಾಕತೊಡಗಿದರು. ಕಥೆ ಉಮಾಶ್ರೀಯದು, ಚಿತ್ರ ಇಷ್ರತಳದು.

ಅದರಲ್ಲಿ ಕೋಟೆಗುಡ್ಡದ ಯಕ್ಷನೊಬ್ಬ ತಾರಾ ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ. ತಾರಾ ಬೀಳುತ್ತಾಳೆ, ಅಳುತ್ತಾಳೆ, ಯಕ್ಷ ಬಂದು ಎತ್ತಿಕೊಳ್ಳುತ್ತಾನೆ. ಮೂವತ್ತು ಅಧ್ಯಾಯವೂ ಇದೇ. ಓದುಗರು ಬೇಸತ್ತು ಕೇಳಿದರು: ‘ಈ ಹುಡುಗಿಗೆ ಬೆನ್ನೆಲುಬು ಬರೋದು ಯಾವಾಗ?’

“ಈ ಸಲ ತಾ-ತಾರಾ ಯಕ್ಷಗ ಒಲ್ಲೆ ಅನ್ನಲಿ,” ಎಂದಳು ಇಷ್ರತ, ಒಂದು ಬೆಳಿಗ್ಗೆ.

ಉಮಾಶ್ರೀ ಹಿಂದಿನ ಸೀಟಿನವರಿಗೂ ಕೇಳುವಂತೆ ನಕ್ಕಳು. “ಆಕಿ ಹ್ಯಾಂಗ ಅಂತಾಳ? ತಾರಾ ಅಂದ್ರ ನೀನ ಅಲ್ಲೇನ? ಪರೀಕ್ಷಾದಾಗ ಸರ್ ಕೇಳಿದ್ದಕ್ಕ ಬಾಯಿ ಬಿಡಲಾರದ ಅತ್ತಿದ್ದಿಯಲ್ಲ, ಅದನ್ನ ನಾ ಮರುದಿನಾನ ಬರದೆ. ನಿನ್ನ ನೋಡಿದ್ರ ಸಾಕು, ಕತಿ ತಾನ ಬರ್ತೈತಿ.”

ಬಸ್ಸೆಲ್ಲ ನಕ್ಕಿತು.

ಇಷ್ರತ ಬಸ್‌ಸ್ಟ್ಯಾಂಡಿನಲ್ಲಿ ಜಾರಿ ಬಿದ್ದದ್ದು, ಅಪ್ಪ ತೀರಿಕೊಂಡ ದಿನ ದವಾಖಾನೆಯ ಗೋಡೆಗೆ ಒರಗಿ ನಿಂತದ್ದು, ಎಲ್ಲವೂ ಕಥೆಯಲ್ಲಿ ತಾರಾಳಿಗೆ ಆಗಿತ್ತು. ಎಲ್ಲವನ್ನೂ ಇಷ್ರತಳೇ ಕೂತು ಬಿಡಿಸಿದ್ದಳು. ತನ್ನದೆಂದು ಗೊತ್ತಿರಲಿಲ್ಲವೆಂದಲ್ಲ. ಗೆಳತಿ ಪ್ರೀತಿಯಿಂದ ಬರೆಯುತ್ತಿದ್ದಾಳೆ ಅಂದುಕೊಂಡಿದ್ದಳು.

ಮುಂದಿನ ಅಧ್ಯಾಯವನ್ನು ಇಷ್ರತ ಒಬ್ಬಳೇ ಮಾಡಿದಳು. ಯಕ್ಷನಿಗೊಬ್ಬ ತಂಗಿಯನ್ನು ತಂದಳು. ಅದೇ ಮೂಗುತಿ, ಅದೇ ಗಲ್ಲದ ಗುಳಿ, ಉಮಾಶ್ರೀಯೇ. ಉಮಾಶ್ರೀಯ ಬೆನ್ನಿನ ಮೇಲೆ ಅಂಗೈಯಗಲದ ಬಿಳಿ ಮಚ್ಚೆಯಿತ್ತು. ಮನೆಯವರನ್ನು ಬಿಟ್ಟರೆ ಅದನ್ನು ಕಂಡವಳು ಇಷ್ರತ ಒಬ್ಬಳೇ. ಮೂವತ್ತೊಂದನೆಯ ಅಧ್ಯಾಯದಲ್ಲಿ ತಾರಾ ತುಂಬಿದ ಸಭೆಯಲ್ಲಿ ಆ ತಂಗಿಯ ಬೆನ್ನ ಮೇಲಿನ ಸೆರಗು ಎಳೆದು, ಅದೇ ಮಚ್ಚೆಯನ್ನು ಎಲ್ಲರಿಗೂ ತೋರಿಸಿ ನಗುತ್ತಾಳೆ.

ಓದುಗರು ಕುಣಿದಾಡಿದರು. ‘ಕೊನೆಗೂ ತಾರಾ ಬೆಳೆದಳು!’ ಬಸ್ಸಿನ ಹುಡುಗಿಯರು ಮುಖ ಗುರುತಿಸಿದರು. ಚಿತ್ರ ಫೋನಿಂದ ಫೋನಿಗೆ ಹೋಯಿತು. ನರಗುಂದದಲ್ಲಿ ಉಮಾಶ್ರೀಗೆ ಗಂಡು ಗೊತ್ತಾಗಿತ್ತು. ನಾಲ್ಕನೆಯ ದಿನ ಗಂಡಿನ ಕಡೆಯ ಇಬ್ಬರು ಹೆಂಗಸರು ಬಂದರು. ಅವಳನ್ನು ಒಳಕೋಣೆಗೆ ಕರೆದೊಯ್ದು ಕುಪ್ಪಸ ಬಿಚ್ಚಿಸಿ ನೋಡಿದರು. ಚಹಾ ಕುಡಿಯದೆ ಹೋದರು.

ಮರುದಿನ ಉಮಾಶ್ರೀ ಇಷ್ರತಳ ಮನೆಗೆ ಬಂದಳು. ಕಣ್ಣು ಬಾತಿದ್ದವು.

“ಆ ಚಿತ್ರ ತಗದ ಬಿಡ ಇಷ್ರತ. ನಿನ್ನ ಕಾಲ ಬೀಳ್ತೀನಿ.” ಬಿದ್ದೇಬಿಟ್ಟಳು. ಕೂದಲು ನೆಲಕ್ಕೆ ಹರಡಿತು, ಬಿಕ್ಕಿ ಅಳುವಾಗ ಭುಜಗಳು ಅಲುಗಿದವು.

ಇಷ್ರತ ನೋಡುತ್ತ ನಿಂತಳು. ಆಮೇಲೆ ಪೆನ್ಸಿಲು ತೆಗೆದುಕೊಂಡಳು.

“ಹ-ಹಂಗ ಇರು. ಅಲ್ಲಾಡಬ್ಯಾಡ.”

ಹೊಲಿಗೆ ಯಂತ್ರದ ಸದ್ದು ನಿಂತಿತು. “ಯಾ ಅಲ್ಲಾ, ಎಂಥಾಕಿ ಆದಿ ನೀ!” ಎನ್ನುತ್ತ ರಾಜಮಾ ಎದ್ದು ಬಂದು ಉಮಾಶ್ರೀಯನ್ನು ಎಬ್ಬಿಸಿ, ತೋಳು ಹಿಡಿದು ಹೊರಗೆ ಕರೆದೊಯ್ದಳು.

ಇಷ್ರತ ತಲೆ ಎತ್ತಲಿಲ್ಲ. ಭುಜದ ಗೆರೆ ಇನ್ನೂ ಸರಿ ಬಂದಿರಲಿಲ್ಲ.